ಅಡಗಿರುವ ಗಡ್ಡೆಯೂ ಹಗಲಿರುಳಿನ ಮೂತ್ರಪರೀಕ್ಷೆಯೂ



ಇಂಥ ಸಂಚಿಕೆಯಲ್ಲಿ ಶಾಲೆಯ ಅಭಿವೃದ್ಧಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಕುರಿತು ಬರೆಯುವುದು ವಾಡಿಕೆಯಾಗಿದೆ. ಈ ಸಲ ನಾವು ಮೂತ್ರಪರೀಕ್ಷೆಯನ್ನು ಕುರಿತು ಬರೆಯುವುದನ್ನು ಕಂಡು ಕೆಲವರಿಗೆ ಸಂಕೋಚವುಂಟಾಗಬಹುದು. ಆದರೆ ಇದೇ ಸಂಕೋಚದಿಂದ ನಮ್ಮ ಹೆಣ್ಣುಮಕ್ಕಳಲ್ಲೊಬ್ಬಳು ಪ್ರಾಣಾಪಾಯದ ಅಂಚಿನ ವರೆಗೂ ಹೋಗಿ ಬಂದಳು. ಅವಳೇ ನಮ್ಮನ್ನು ಕೇಳಿಕೊಂಡದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಅವಳ ಹೆಸರನ್ನು ಮಾತ್ರ ಹೇಳುವುದಿಲ್ಲ.

ಮಿಡಿಗೇಶಿಯ ಸಮೀಪದ ಒಂದು ಹಳ್ಳಿಯಿಂದ ಬಂದ ಈ ಹುಡುಗಿಯು ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಅವಳಿಗೆ ಆಗಾಗ್ಗೆ ಒಂದು ಬಗೆಯ ಸಂಕಟವು ಬರುತ್ತಿತ್ತು. ಮುಖವು ಸುಣ್ಣದಂತೆ ಬಿಳುಪೇರುವುದು, ಮೈಯೆಲ್ಲಾ ಬೆವರಿನಿಂದ ತೋಯುವುದು, ತಲೆ ಸಿಡಿಯುವುದು, ಎದೆಯು ಡವಡವನೆ ಹೊಡೆದುಕೊಳ್ಳುವುದು. ಕಾಲು ಗಂಟೆಯಲ್ಲೋ ಅರ್ಧ ಗಂಟೆಯಲ್ಲೋ ಎಲ್ಲವೂ ಇಳಿದು, ಅವಳು ಏನೂ ಆಗದವಳಂತೆ ಎದ್ದು ಕೂಡುವಳು. ಕೆಲವು ಸಲ ನೀರಿನ ಕೊಡವನ್ನೆತ್ತಲು ಬಗ್ಗಿದಾಗಲೇ ಹೀಗಾಗುತ್ತಿತ್ತು. ಮನೆಯವರು ಗಾಳಿ ಸೋಕಿತೆಂದು ಯಂತ್ರ ಕಟ್ಟಿಸಿದರು. ನಾವೇನು ಮಾಡಿದೆವು? ಇದು ಪರೀಕ್ಷೆಯ ಭಯವೆಂದು ತಿಳಿದು, ಧೈರ್ಯ ತೆಗೆದುಕೊಳ್ಳಮ್ಮಾ, ಪ್ರಾರ್ಥನೆ ಮಾಡು ಎಂದು ಬುದ್ಧಿ ಹೇಳಿ ಕಳುಹಿಸಿದೆವು. ಒಮ್ಮೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವಾದರೂ ಅಷ್ಟರಲ್ಲಿ ಸಂಕಟವು ಇಳಿದು ಹೋಗಿದ್ದಿತು. ರಕ್ತದ ಒತ್ತಡವೂ ಸರಿಯಾಗಿಯೇ ಇದ್ದಿತು. ಪ್ರಾರ್ಥನೆಯು ವ್ಯರ್ಥವೆಂದು ನಾವು ಹೇಳುವುದಿಲ್ಲ. ಆದರೆ ತಿಳಿಯದಿದ್ದ ಸಂಗತಿಯನ್ನು ತಿಳಿದಂತೆ ಹೇಳಿದ್ದು ನಮ್ಮ ತಪ್ಪು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಅವಳ ಸಂಕಟಕ್ಕೆ ನಿಜವಾದ ಕಾರಣವೇನೆಂಬುದನ್ನು ತಿಳಿಯಬೇಕಾದರೆ ನಮ್ಮ ದೇಹದ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಬೆನ್ನಿನ ಒಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಮೂತ್ರಪಿಂಡಗಳಿರುವುದು ಎಲ್ಲರಿಗೂ ಗೊತ್ತು. ಒಂದೊಂದು ಮೂತ್ರಪಿಂಡದ ತಲೆಯ ಮೇಲೆ ಟೋಪಿಯಿಟ್ಟ ಹಾಗೆ ಒಂದು ಚಿಕ್ಕ ಗ್ರಂಥಿಯಿದೆ. ಇದಕ್ಕೆ ಅಡ್ರಿನಲ್ ಗ್ರಂಥಿಯೆಂದು ಹೆಸರು. ಇದರ ತೂಕವು ೪-೫ ಗ್ರಾಂ, ಅಂದರೆ ಅರ್ಧ ತೊಲಕ್ಕಿಂತಲೂ ಕಡಮೆ. ಈ ಗ್ರಂಥಿಯ ಒಳತಿರುಳಿನಲ್ಲಿ ಅಡ್ರಿನಲಿನ್, ನಾರಡ್ರಿನಲಿನ್ ಎಂಬ ರಸಗಳು ಹುಟ್ಟುತ್ತವೆ. ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಮಣಿಸರದಂತೆ ಇಳಿದಿರುವ ನರಗಳ ಸಾಲೂ ಈ ಗ್ರಂಥಿಯ ತಿರುಳಿನ ಬಂಧುವೇ. ಆ ನರಗಳ ತುದಿಗಳಿಂದಲೂ ನಾರಡ್ರಿನಲಿನ್ ಹೊರಡುತ್ತದೆ.

ಈ ರಸಗಳ ಕೆಲಸವೇನು? ಹುಲ್ಲು ಕುಯ್ಯುವಾಗ ಕಾಲಬಳಿಯಲ್ಲಿ ಹಾವು ಹರಿಯಿತೆನ್ನಿ. ಯೋಚಿಸುವುದಕ್ಕೆ ಮುಂಚೆಯೇ ನೀವು ಹಾರಿ ನಿಂತಿರುತ್ತೀರಿ. ಎದೆ ಬಡಿಯುತ್ತದೆ, ಕೈ ತಣ್ಣಗಾಗುತ್ತದೆ, ಬೆವರು ಬರುತ್ತದೆ. ಅಪಾಯ ಕಾಲದಲ್ಲಿ ಓಡುವುದಕ್ಕೂ ಹೋರಾಡುವುದಕ್ಕೂ ಶಕ್ತಿ ಬರುವಂತೆ ಈ ರಸಗಳು ಹೃದಯವನ್ನು ಚುರುಕುಗೊಳಿಸಿ ರಕ್ತದ ಒತ್ತಡವನ್ನು ಏರಿಸುತ್ತವೆ. ಅಪಾಯವು ಕಳೆಯುತ್ತಲೇ ಅವು ಅಡಗುತ್ತವೆ. ದೇಹದ ಈ ಏರ್ಪಾಡನ್ನು ನೋಡಿದರೆ ಸೃಷ್ಟಿಕರ್ತನನ್ನು ಕೊಂಡಾಡದಿರಲಾಗುವುದಿಲ್ಲ.

ಆದರೆ ಕೆಲವರಲ್ಲಿ ಈ ತಿರುಳಿನೊಳಗೆ ಒಂದು ಗಡ್ಡೆಯು ಬೆಳೆಯುತ್ತದೆ. ಅದು ಹಾವಿಲ್ಲದಿರುವಾಗಲೂ ಹಾವು ಬಂತೆಂದು ಕೂಗುವ ಕಾವಲುಗಾರನ ಹಾಗೆ, ಕಾರಣವಿಲ್ಲದೆ ರಸವನ್ನು ರಕ್ತಕ್ಕೆ ಸುರಿಯುತ್ತದೆ. ಈ ಗಡ್ಡೆಗೆ ವೈದ್ಯರು ಫಿಯೋಕ್ರೋಮೋಸೈಟೋಮ ಎಂದು ಹೆಸರಿಟ್ಟಿದ್ದಾರೆ. ಗ್ರಂಥಿಯ ಹೊರಗೆ ನರಗಳ ಸಾಲಿನಲ್ಲಿ ಇಂಥದೇ ಗಡ್ಡೆಯು ಬೆಳೆದರೆ ಅದು ಪ್ಯಾರಾಗ್ಯಾಂಗ್ಲಿಯೋಮ. ಚಿಕ್ಕ ಮಕ್ಕಳಲ್ಲಿ, ವಿಶೇಷವಾಗಿ ಐದು ವರ್ಷದೊಳಗಿನವರಲ್ಲಿ, ಇನ್ನೂ ಬಲಿಯದ ನರಕಣಗಳಿಂದ ಹುಟ್ಟುವ ಗಡ್ಡೆಯು ನ್ಯೂರೋಬ್ಲಾಸ್ಟೋಮ. ಇದು ಒಂದು ಬಗೆಯ ಕ್ಯಾನ್ಸರು.

ಇದರ ಚರಿತ್ರೆಯು ನಮ್ಮ ಶಾಲೆಯ ಮಕ್ಕಳ ವಯಸ್ಸಿಗೆ ಹತ್ತಿರದವಳಾದ ಒಬ್ಬ ಹುಡುಗಿಯಿಂದ ಪ್ರಾರಂಭವಾಗುತ್ತದೆ. ಜರ್ಮನಿಯ ಫ್ರೈಬುರ್ಗ್ ಪಟ್ಟಣದಲ್ಲಿ ಮಿನ್ನಾ ರೋಲ್ ಎಂಬ ೧೮ ವರ್ಷದ ಕನ್ಯೆಯು ಎದೆಬಡಿತ, ಕಳವಳ, ತಲೆನೋವುಗಳ ಸಂಕಟದಿಂದ ಬಳಲಿ ಮೃತಳಾದಳು. ಫೆಲಿಕ್ಸ್ ಫ್ರಾಂಕೆಲ್ ಎಂಬ ವೈದ್ಯನು ಅವಳ ಎರಡು ಅಡ್ರಿನಲ್ ಗ್ರಂಥಿಗಳಲ್ಲಿಯೂ ಗಡ್ಡೆಯಿದ್ದುದನ್ನು ೧೮೮೬ರಲ್ಲಿ ಪ್ರಕಟಿಸಿದನು. ಆಗ ಅಡ್ರಿನಲಿನ್ ಎಂಬುದೊಂದಿದೆಯೆಂದೇ ಲೋಕಕ್ಕೆ ತಿಳಿದಿರಲಿಲ್ಲ. ಜಪಾನು ದೇಶದವನಾದ ಜೋಕಿಚಿ ತಾಕಮಿನೆಯು ಅದನ್ನು ಶುದ್ಧ ಹರಳಾಗಿ ತೆಗೆದ ಸಂಗತಿಯನ್ನು ೧೯೦೧ರಲ್ಲಿ ಪ್ರಕಟಿಸಿದನು. ೧೯೨೬ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸೆಜಾರ್ ರೂ ಎಂಬವನೂ ಅಮೆರಿಕದಲ್ಲಿ ಚಾರ್ಲ್ಸ್ ಮೇಯೊ ಎಂಬವನೂ ಇಂಥ ಗಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ರೋಗಿಗಳನ್ನು ಬದುಕಿಸಿದರು. ಮೇಯೊ ಬದುಕಿಸಿದವಳು ಒಬ್ಬ ಕ್ರೈಸ್ತ ಸಂನ್ಯಾಸಿನಿ. ಹೊಟ್ಟೆಯನ್ನು ತೆರೆಯುವ ವರೆಗೂ ಒಳಗೆ ಏನಿದೆಯೆಂಬುದು ಆ ಶಸ್ತ್ರವೈದ್ಯನಿಗೇ ಗೊತ್ತಿರಲಿಲ್ಲ.

ಹಾಗಾದರೆ ಹೊಟ್ಟೆಯನ್ನು ತೆರೆಯುವುದಕ್ಕೆ ಮುಂಚೆ ತಿಳಿಯುವ ಬಗೆ ಹೇಗೆ? ಹಿಂದೆ ವೈದ್ಯರು ಒಂದು ಮದ್ದನ್ನು ಚುಚ್ಚಿ, ಬೇಕೆಂದೇ ಸಂಕಟವನ್ನು ಬರಿಸಿ ನೋಡುತ್ತಿದ್ದರು; ಇದು ಅಪಾಯಕರವಾದ ಪರೀಕ್ಷೆ. ಸ್ವೀಡನ್ ದೇಶದ ಉಲ್ಫ್ ಫಾನ್ ಆಯ್ಲರ್ ಎಂಬ ಪಂಡಿತನು ೧೯೪೬ರಲ್ಲಿ ನರಗಳ ರಸವು ನಾರಡ್ರಿನಲಿನ್ ಎಂದು ತೋರಿಸಿದನು. ೧೯೫೦ರಲ್ಲಿ ಅವನೂ ಅವನ ಜೊತೆಗಾರನೂ, ಈ ಗಡ್ಡೆಯುಳ್ಳವರ ಮೂತ್ರದಲ್ಲಿ ಆ ರಸಗಳು ಹೆಚ್ಚಾಗಿರುವುದರಿಂದ ಮೂತ್ರವನ್ನು ಅಳೆದೇ ರೋಗವನ್ನು ತಿಳಿಯಬಹುದೆಂದು ಪ್ರಕಟಿಸಿದರು. ೧೯೫೭ರಲ್ಲಿ ಅಮೆರಿಕದ ಜೂಲಿಯಸ್ ಆಕ್ಸೆಲ್ರಾಡನು ಈ ರಸಗಳು ದೇಹದಲ್ಲಿ ಮಾರ್ಪಡುವ ದಾರಿಯನ್ನು ಕಂಡುಹಿಡಿದನು. ೧೯೭೦ರ ನೊಬೆಲ್ ಬಹುಮಾನದಲ್ಲಿ ಈ ಇಬ್ಬರಿಗೂ ಪಾಲು ದೊರೆಯಿತು.

ನಮ್ಮ ದೇಶದ ಪುರಾತನ ವೈದ್ಯರು ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ಸಿಹಿಮೂತ್ರ ರೋಗವನ್ನು ಗುರುತಿಸುತ್ತಿದ್ದರು. ಆದುದರಿಂದ ಮೂತ್ರವು ದೇಹದ ಒಳಗಿನ ಸುದ್ದಿಯನ್ನು ಹೊರಗೆ ತರುತ್ತದೆಂಬುದು ನಮಗೆ ಹೊಸ ಮಾತಲ್ಲ. ಹೊಸದೇನೆಂದರೆ, ಯಾವ ಸುದ್ದಿಯನ್ನು ಎಷ್ಟು ಸೂಕ್ಷ್ಮವಾಗಿ ಓದಬಹುದೆಂಬುದು.

ಒಲೆಯಲ್ಲಿ ಕಟ್ಟಿಗೆ ಉರಿದು ಕೆಂಡವಾಗಿ, ಕೆಂಡವು ಬೂದಿಯಾಗುತ್ತದಷ್ಟೆ. ಹಾಗೆಯೇ ಅಡ್ರಿನಲಿನ್ ಮತ್ತು ನಾರಡ್ರಿನಲಿನ್ ರಸಗಳು ಮೊದಲು ಮೆಟನೆಫ್ರಿನ್ ಮತ್ತು ನಾರ್ಮೆಟನೆಫ್ರಿನ್ ಎಂಬ ವಸ್ತುಗಳಾಗಿ, ಕಡೆಗೆ ವಿ.ಎಂ.ಎ. ಎಂಬ ಆಮ್ಲವಾಗಿ ಮೂತ್ರದಲ್ಲಿ ಹೊರಬೀಳುತ್ತವೆ. ಇವುಗಳಿಗೆ ಮುಂಚಿನ ಡೋಪಮಿನ್ ಎಂಬುದರ ಬೂದಿಯು ಎಚ್.ವಿ.ಎ. ಎಂಬ ಇನ್ನೊಂದು ಆಮ್ಲ. ಬೆಂಕಿಯು ಆರಿದ ಮೇಲೂ ಬೂದಿಯನ್ನು ನೋಡಿ ಎಷ್ಟು ಕಟ್ಟಿಗೆ ಉರಿಯಿತೆಂದು ಗೃಹಿಣಿಯು ಹೇಳಬಲ್ಲಳು. ದೊಡ್ಡವರ ಗಡ್ಡೆಗೆ ಈಗ ಮುಖ್ಯವಾಗಿ ಮೆಟನೆಫ್ರಿನ್‌ಗಳನ್ನು ಅಳೆಯುತ್ತಾರೆ. ಯಾತಕ್ಕೆಂದರೆ, ಗಡ್ಡೆಯು ಸಂಕಟದ ವೇಳೆಯಲ್ಲಿ ಮಾತ್ರ ರಸವನ್ನು ಹೊರಗೆ ಸುರಿದರೂ ತನ್ನೊಳಗೆ ಎಡೆಬಿಡದೆ ಮೆಟನೆಫ್ರಿನ್‌ಗಳನ್ನು ಮಾಡುತ್ತಲೇ ಇರುತ್ತದೆ. ಮಕ್ಕಳ ನ್ಯೂರೋಬ್ಲಾಸ್ಟೋಮಕ್ಕೆ ವಿ.ಎಂ.ಎ., ಎಚ್.ವಿ.ಎ.ಗಳನ್ನು ಅಳೆಯುತ್ತಾರೆ, ಈ ರೋಗವುಳ್ಳ ಮಕ್ಕಳಲ್ಲಿ ನೂರಕ್ಕೆ ಸುಮಾರು ೯೦ ಮಂದಿಯಲ್ಲಿ ಇವು ಹೆಚ್ಚಾಗಿರುತ್ತವೆ. ಮಗುವಿನಿಂದ ಹಗಲಿರುಳೂ ಮೂತ್ರವನ್ನು ಸಂಗ್ರಹಿಸುವುದು ಕಷ್ಟವಾದ ಕಾರಣ, ಒಂದೇ ಸಲದ ಮೂತ್ರವನ್ನು ತೆಗೆದುಕೊಂಡು ಅದರಲ್ಲಿನ ಕ್ರಿಯಾಟಿನಿನ್ ಎಂಬ ವಸ್ತುವಿನೊಡನೆ ಹೋಲಿಸಿ ಲೆಕ್ಕ ಹಾಕುವುದುಂಟು.

ದೊಡ್ಡವರಿಗೆ ೨೪ ಗಂಟೆಗಳ ಮೂತ್ರವೇ ಯಾತಕ್ಕೆ? ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಮಿಡಿಗೇಶಿ, ಪಾವಗಡಗಳ ಕಡೆಯಲ್ಲಿ ಮಳೆಯು ಎಲ್ಲೋ ಒಂದು ರಾತ್ರಿ ಬಂದು ಹೋಗುತ್ತದೆ. ಬೆಳಿಗ್ಗೆ ಆಕಾಶವನ್ನು ನೋಡಿದರೆ ಮೋಡವೇ ಇರುವುದಿಲ್ಲ. ಆದರೆ ಕೆರೆಯ ಏರಿಯ ಮೇಲೆ ನಿಂತು ನೋಡಿದವನಿಗೆ ರಾತ್ರಿ ಎಷ್ಟು ಮಳೆಯಾಯಿತೆಂದು ತಿಳಿಯುತ್ತದೆ. ನಮ್ಮ ಹುಡುಗಿಯನ್ನು ಡಾಕ್ಟರು ನೋಡಿದಾಗ ಆಕಾಶವು ತಿಳಿಯಾಗಿದ್ದಿತು. ಒಂದು ಹಗಲು ಒಂದು ಇರುಳಿನ ಮೂತ್ರವೆಂಬುದು ಆ ಕೆರೆಯಿದ್ದ ಹಾಗೆ. ರಕ್ತದಲ್ಲಿಯೂ ಮೆಟನೆಫ್ರಿನ್‌ಗಳನ್ನು ಅಳೆಯುವ ಪರೀಕ್ಷೆಯುಂಟು; ಇವೆರಡರಲ್ಲಿ ಯಾವುದು ತಕ್ಕದ್ದೆಂದು ವೈದ್ಯರು ನಿರ್ಣಯಿಸುತ್ತಾರೆ.

ಪ್ರಯೋಗಶಾಲೆಯಲ್ಲಿ ನಡೆಯುವುದನ್ನೂ ಎರಡು ಮಾತಿನಲ್ಲಿ ಹೇಳುತ್ತೇವೆ. ಒತ್ತುಕಾಗದದ ಮೇಲೆ ಕಪ್ಪು ಶಾಯಿಯ ಚುಕ್ಕೆಯನ್ನಿಟ್ಟು ಅದರ ತುದಿಯನ್ನು ನೀರಿನಲ್ಲಿ ಅದ್ದಿದರೆ, ಶಾಯಿಯು ನೀಲಿ, ಕೆಂಪು ಮೊದಲಾದ ಬಣ್ಣಗಳಾಗಿ ಬೇರೆ ಬೇರೆ ಮೇಲೇರುವುದನ್ನು ನೀವು ವಿಜ್ಞಾನದ ತರಗತಿಯಲ್ಲಿ ಮಾಡಿದ್ದೀರಿ. ಅದೇ ತತ್ತ್ವದಿಂದ, ಒಂದು ಸಣ್ಣ ಕೊಳವೆಯ ಮೂಲಕ ಮೂತ್ರದ ಅಂಶವನ್ನು ಒತ್ತಿ ಕಳುಹಿಸಿ, ಅದರಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಯಂತ್ರದಿಂದ ಅಳೆಯುತ್ತಾರೆ.

ಇನ್ನು ಮೂತ್ರವನ್ನು ಸಂಗ್ರಹಿಸುವ ಕ್ರಮ. ಇದನ್ನು ತಾಯಂದಿರು ಗಮನವಿಟ್ಟು ಓದತಕ್ಕದ್ದು. ಯಂತ್ರವು ಎಷ್ಟು ಒಳ್ಳೆಯದಾದರೂ ಸಂಗ್ರಹವು ತಪ್ಪಿದರೆ ಎಲ್ಲವೂ ತಪ್ಪುವುದು.

ಮೊದಲನೆಯದಾಗಿ, ಪ್ರಯೋಗಶಾಲೆಯವರು ಕೊಡುವ ಕ್ಯಾನಿನಲ್ಲಿಯೇ ಸಂಗ್ರಹಿಸಬೇಕು. ರಸಗಳು ಕೆಡದಿರಲೆಂದು ಅದರಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿರುತ್ತಾರೆ. ಅದನ್ನು ಚೆಲ್ಲಬಾರದು, ತೊಳೆಯಬಾರದು, ಮಕ್ಕಳ ಕೈಗೆ ಸಿಕ್ಕುವಂತೆ ಇಡಬಾರದು. ಮೂತ್ರವನ್ನು ಮೊದಲು ಶುಭ್ರವಾದ ಬೇರೊಂದು ಪಾತ್ರೆಯಲ್ಲಿ ಹಿಡಿದು, ಕೈಗೆ ಸಿಡಿಯದಂತೆ ಮೆಲ್ಲಗೆ ಕ್ಯಾನಿಗೆ ಸುರಿಯಬೇಕು.

ಎರಡನೆಯದಾಗಿ, ಬೆಳಿಗ್ಗೆ ಆರು ಗಂಟೆಗೆ ಪ್ರಾರಂಭಿಸುವುದಾದರೆ ಆ ವೇಳೆಯ ಮೂತ್ರವನ್ನು ಚೆಲ್ಲಿಬಿಡಬೇಕು. ಅದು ಹಿಂದಿನ ರಾತ್ರಿಯ ಲೆಕ್ಕಕ್ಕೆ ಸೇರಿದ್ದು. ಅಲ್ಲಿಂದ ಮುಂದೆ ಹಗಲಿನದೂ ಇರುಳಿನದೂ ಒಂದು ಹನಿಯೂ ಬಿಡದೆ ಸೇರಿಸಿ, ಮರುದಿನ ಬೆಳಿಗ್ಗೆ ಆರು ಗಂಟೆಯದನ್ನೂ ಸೇರಿಸಿ ಮುಗಿಸಬೇಕು. ನಡುವೆ ಒಂದು ಸಲ ತಪ್ಪಿದರೂ ಅದನ್ನು ಮರೆಮಾಡದೆ, ಇನ್ನೊಂದು ದಿನ ಮೊದಲಿನಿಂದ ಪ್ರಾರಂಭಿಸಬೇಕು. ಕ್ಯಾನನ್ನು ಬಿಸಿಲಿಗಿಡದೆ ತಂಪಾದ ಕಡೆಯಲ್ಲಿಟ್ಟು ಬೇಗನೆ ತಲುಪಿಸಬೇಕು. ಮುಟ್ಟಿನ ದಿನಗಳಾದರೆ ಸಂಕೋಚಪಡದೆ ಹೇಳಿ ಬೇರೆ ದಿನವನ್ನು ಕೇಳಿಕೊಳ್ಳಬೇಕು.

ಮೂರನೆಯದಾಗಿ, ನುಂಗುತ್ತಿರುವ ಮಾತ್ರೆಗಳನ್ನೆಲ್ಲಾ ವೈದ್ಯರಿಗೆ ತಿಳಿಸಬೇಕು. ಮೂಗು ಕಟ್ಟಿದಾಗ ಕೊಡುವ ಕೆಲವು ಮಾತ್ರೆಗಳೂ ಮನೋವ್ಯಾಕುಲಕ್ಕೆ ಕೊಡುವ ಕೆಲವು ಔಷಧಗಳೂ ಲೆಕ್ಕವನ್ನು ಏರಿಸುತ್ತವೆ. ಪ್ಯಾರಸಿಟಮಾಲ್ ಕೂಡ ಕೆಲವು ವಿಧದ ಅಳತೆಗೆ ಅಡ್ಡಿ ಬರುತ್ತದೆ. ಆದರೆ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ಎಂದಿಗೂ ನಿಲ್ಲಿಸಬಾರದು. ಕಾಫಿ, ಬಾಳೆಹಣ್ಣು, ಚಾಕೊಲೇಟು ಮುಂತಾದವನ್ನು ಎರಡು ಮೂರು ದಿವಸ ಬಿಡಬೇಕೆಂದು ಹೇಳಿದರೆ ಅದನ್ನು ಪಾಲಿಸಬೇಕು.

ನಮ್ಮ ಹುಡುಗಿಯ ಕಥೆಗೆ ಬರೋಣ. ಅವಳು ಶಾಲೆ ಬಿಟ್ಟು, ಮದುವೆಯಾಗಿ, ಚೊಚ್ಚಲ ಬಸುರಿಯಾದಳು. ಮೂರನೆಯ ತಿಂಗಳಲ್ಲಿಯೇ ರಕ್ತದೊತ್ತಡವು ಒಮ್ಮೆ ಬಹಳವಾಗಿ ಏರಿ ಒಮ್ಮೆ ಇಳಿಯುತ್ತಿದ್ದಿತು. ಬಸುರಿಯರಿಗೆ ಒತ್ತಡವು ಏರುವುದು ಅಪರೂಪವಲ್ಲ. ಆದರೆ ಆ ನಂಜು ಸಾಮಾನ್ಯವಾಗಿ ಐದು ತಿಂಗಳು ಕಳೆದ ಮೇಲೆ ಬರುವಂಥದು. ಬೆಂಗಳೂರಿನ ಒಂದು ಆಸ್ಪತ್ರೆಯ ವೈದ್ಯೆಯು ಅವಳ ಹಳೆಯ ಸಂಕಟಗಳನ್ನೆಲ್ಲಾ ತಾಳ್ಮೆಯಿಂದ ಕೇಳಿ, ಹಗಲಿರುಳಿನ ಮೂತ್ರವನ್ನು ತರಹೇಳಿದಳು. ಅವಳು ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದಳು. ಮನೆತುಂಬ ಜನ, ಗಂಡಸರ ಮುಂದೆ ಆ ಕ್ಯಾನನ್ನು ಹಿಡಿದು ನಡೆಯಲಾರದೆ ಎರಡು ಸಲದ ಮೂತ್ರವನ್ನು ಚೆಲ್ಲಿಬಿಟ್ಟಳು. ಇದು ವೈದ್ಯೆಗೆ ಹೇಗೋ ತಿಳಿದು, ಗದರಿಸದೆ, ಮತ್ತೊಂದು ಕ್ಯಾನನ್ನು ಕೊಟ್ಟು ಅವಳ ಅತ್ತೆಯವರನ್ನು ಒಳಗೆ ಕರೆದು, ಅಮ್ಮಾ, ಈ ನೀರಿನಲ್ಲಿ ನಿಮ್ಮ ಸೊಸೆಯ ಪ್ರಾಣವೂ ಮೊಮ್ಮಗುವಿನ ಪ್ರಾಣವೂ ಇದೆ ಎಂದಳಂತೆ. ಆ ಮುದುಕಮ್ಮನೇ ಮರುದಿನವೆಲ್ಲಾ ಕ್ಯಾನಿಗೆ ಕಾವಲು ಕೂತು, ತನ್ನ ಸೆರಗಿನಲ್ಲಿ ಮುಚ್ಚಿಕೊಂಡು ಆಸ್ಪತ್ರೆಗೆ ಹೊತ್ತು ತಂದರು.

ಅಳತೆಯು ಇರಬೇಕಾದದ್ದಕ್ಕಿಂತ ಅನೇಕ ಪಾಲು ಹೆಚ್ಚಾಗಿದ್ದಿತು. ಇಲ್ಲಿ ಒಂದು ಮಾತು: ಅಳತೆಯು ಸ್ವಲ್ಪ ಹೆಚ್ಚಿದ ಮಾತ್ರಕ್ಕೆ ಗಡ್ಡೆಯಿದೆಯೆಂದು ಹೆದರಬಾರದು, ಮನಸ್ಸಿನ ಕಳವಳದಿಂದಲೂ ಔಷಧದಿಂದಲೂ ಹಾಗಾಗುವುದುಂಟು. ಮೂರು ನಾಲ್ಕು ಪಾಲು ಹೆಚ್ಚಿದಾಗಲೇ ಸಂದೇಹವು ಬಲವಾಗುವುದು. ಆ ಮೇಲೆ ಚಿತ್ರ ತೆಗೆದು ಗಡ್ಡೆಯಿರುವ ಸ್ಥಳವನ್ನು ಹುಡುಕುತ್ತಾರೆ. ಇವಳು ಬಸುರಿಯಾದುದರಿಂದ ಕ್ಷಕಿರಣವಿಲ್ಲದ ಎಂ.ಆರ್.ಐ. ಚಿತ್ರವನ್ನು ತೆಗೆದರು. ಬಲಗಡೆಯ ಗ್ರಂಥಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆಯು ಕಾಣಿಸಿತು.

ಗಡ್ಡೆಯು ಕಂಡ ಕೂಡಲೇ ಕತ್ತಿ ಹಿಡಿಯುವಂತಿಲ್ಲ. ಸಿದ್ಧತೆಯಿಲ್ಲದೆ ಅದನ್ನು ಮುಟ್ಟಿದರೆ ರಸವೆಲ್ಲಾ ಒಮ್ಮೆಗೇ ರಕ್ತಕ್ಕೆ ನುಗ್ಗಿ ಪ್ರಾಣವೇ ಹೋಗಬಹುದು. ಆದುದರಿಂದ ರಸದ ಕೈಕಟ್ಟುವ ಆಲ್ಫಾ ತಡೆಯೆಂಬ ಜಾತಿಯ ಮಾತ್ರೆಗಳನ್ನು ಒಂದೆರಡು ವಾರ ಕೊಟ್ಟು, ಉಪ್ಪನ್ನೂ ನೀರನ್ನೂ ಸಾಕಷ್ಟು ಸೇವಿಸುವಂತೆ ಹೇಳುತ್ತಾರೆ. ಹೃದಯದ ಓಟವನ್ನು ತಗ್ಗಿಸುವ ಬೀಟಾ ತಡೆಯ ಮಾತ್ರೆಯನ್ನು ಇದಾದ ಮೇಲೆಯೇ ಕೊಡತಕ್ಕದ್ದು. ಮೊದಲೇ ಕೊಟ್ಟರೆ ಒತ್ತಡವು ಇನ್ನೂ ಏರುವುದು. ಗಡ್ಡೆಯನ್ನು ಮುಂಚೆಯೇ ತಿಳಿಯುವುದರ ಪ್ರಯೋಜನವೆಲ್ಲಾ ಇಲ್ಲಿಯೇ ಇದೆ. ತಿಳಿಯದೆ ಹೆರಿಗೆಯ ವೇಳೆಯಲ್ಲಿ ಸಂಕಟವು ಬಂದಿದ್ದರೆ ತಾಯಿಮಕ್ಕಳಿಬ್ಬರಿಗೂ ಅಪಾಯವಾಗುತ್ತಿದ್ದಿತು. ಐದನೆಯ ತಿಂಗಳಿನಲ್ಲಿ ಶಸ್ತ್ರಚಿಕಿತ್ಸೆಯು ನಡೆದು, ದೇವರ ಕೃಪೆಯಿಂದ ತಿಂಗಳು ತುಂಬಿ ಹೆಣ್ಣು ಮಗುವನ್ನು ಹೆತ್ತಳು. ಕಳೆದ ವರ್ಷ ಮಗುವನ್ನೆತ್ತಿಕೊಂಡು ಶಾಲೆಗೆ ಬಂದು, ಟೀಚರಮ್ಮಾ, ನನ್ನಂತೆ ನಾಚಿಕೆಪಟ್ಟು ಯಾರೂ ಚೆಲ್ಲದ ಹಾಗೆ ನೀವು ಹೇಳಬೇಕು ಎಂದಳು. ಅವಳು ನಮ್ಮ ಮೇಲೆ ಯಾವ ದೂರನ್ನೂ ಹೇಳಲಿಲ್ಲ. ಹೇಳದಿದ್ದುದೇ ನಮಗೆ ನಾಟಿತು.

ಅವಳ ಕೆಲಸವು ಅಲ್ಲಿಗೆ ಮುಗಿಯಲಿಲ್ಲ. ಗಡ್ಡೆಯು ಮರಳಿ ಬರಬಹುದಾದ್ದರಿಂದ ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಮಾಡಿಸಬೇಕು. ಇಂಥ ಗಡ್ಡೆಯುಳ್ಳವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಅದು ವಂಶಪಾರಂಪರ್ಯವಾಗಿ ಬಂದಿರುತ್ತದೆ. ಮೇಲೆ ಹೇಳಿದ ಮಿನ್ನಾ ರೋಲಳ ವಂಶದವರನ್ನು ಪರೀಕ್ಷಿಸಿದಾಗ, ಆ ರೋಗದ ಬೀಜವು ಅವರಲ್ಲಿ ಇನ್ನೂ ಇಳಿದು ಬರುತ್ತಿರುವುದು ಕಂಡುಬಂದಿತೆಂದು ೨೦೦೭ರಲ್ಲಿ ಪ್ರಕಟವಾಯಿತು. ಅಂದರೆ ೧೨೧ ವರ್ಷಗಳ ಮೇಲೆ. ಆದುದರಿಂದ ಒಬ್ಬರಿಗೆ ಗಡ್ಡೆಯು ಕಂಡರೆ ಒಡಹುಟ್ಟಿದವರೂ ಮಕ್ಕಳೂ ವೈದ್ಯರ ಆಲೋಚನೆಯನ್ನು ಕೇಳತಕ್ಕದ್ದು.

ಇದನ್ನು ಓದಿ ಪ್ರತಿಯೊಬ್ಬರೂ ಕ್ಯಾನು ಹಿಡಿದು ಓಡಬೇಕಾಗಿಲ್ಲ. ಈ ಗಡ್ಡೆಯು ಬಹಳ ಅಪರೂಪ. ರಕ್ತದೊತ್ತಡವುಳ್ಳ ಸಾವಿರ ಮಂದಿಯಲ್ಲಿ ಎರಡರಿಂದ ಆರು ಮಂದಿಗೆ ಇರಬಹುದು. ನಮ್ಮ ಹುಡುಗಿಯರ ಎದೆಬಡಿತಕ್ಕೂ ತಲೆಸುತ್ತಿಗೂ ಸಾಮಾನ್ಯವಾದ ಕಾರಣಗಳು ರಕ್ತಹೀನತೆ, ಊಟವಿಲ್ಲದೆ ಶಾಲೆಗೆ ಬರುವುದು, ಥೈರಾಯಿಡ್ ದೋಷ, ಮನಸ್ಸಿನ ಭಯ ಇವೇ. ಆರೋಗ್ಯವಂತರನ್ನೆಲ್ಲಾ ಪರೀಕ್ಷಿಸುವುದರಿಂದ ಕೇಡೂ ಆಗಬಹುದೆಂಬುದಕ್ಕೆ ಜಪಾನು ದೇಶವೇ ಸಾಕ್ಷಿ. ಅಲ್ಲಿ ೧೯೮೫ರ ಸುಮಾರಿನಿಂದ ದೇಶದ ಎಲ್ಲ ಕಡೆಯಲ್ಲಿಯೂ ಆರು ತಿಂಗಳ ಕೂಸುಗಳ ಮೂತ್ರವನ್ನು ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮವನ್ನು ಹುಡುಕಿದರು. ಬಹಳ ಗಡ್ಡೆಗಳೇನೋ ಸಿಕ್ಕಿದವು. ಆದರೆ ಅವುಗಳಲ್ಲಿ ಅನೇಕವು ತಾವಾಗಿಯೇ ಕರಗಿ ಹೋಗತಕ್ಕ ಗಡ್ಡೆಗಳಾಗಿದ್ದವು. ಇಂಥ ಹುಡುಕಾಟದಿಂದ ಮಕ್ಕಳ ಮರಣವು ಕಡಮೆಯಾಗುವುದಿಲ್ಲವೆಂದು ಕೆನಡಾ ಮತ್ತು ಜರ್ಮನಿ ದೇಶಗಳ ಪರಿಶೋಧನೆಗಳಿಂದ ೨೦೦೨ರಲ್ಲಿ ತಿಳಿದುಬಂದಿತು. ಜಪಾನಿನವರು ೨೦೦೪ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಿದರು. ಆದುದರಿಂದ ಲಕ್ಷಣವುಳ್ಳವರಿಗೆ ಮಾತ್ರ ಪರೀಕ್ಷೆ.

ಆ ಲಕ್ಷಣಗಳು ಯಾವುವೆಂದರೆ: ತಲೆನೋವು, ಎದೆಬಡಿತ, ಬೆವರು ಈ ಮೂರೂ ಒಟ್ಟಿಗೆ ಬಂದು ಹೋಗುವುದು, ಚಿಕ್ಕ ವಯಸ್ಸಿನಲ್ಲಿಯೇ ರಕ್ತದೊತ್ತಡವು ಏರುವುದು, ಅಥವಾ ಮೂರು ಬಗೆಯ ಮಾತ್ರೆಗಳಿಗೂ ಬಗ್ಗದಿರುವುದು, ಬಸುರಿನ ಮೊದಲ ತಿಂಗಳುಗಳಲ್ಲಿ ಒತ್ತಡವು ಏರುವುದು, ವಂಶದಲ್ಲಿ ಇಂಥ ಗಡ್ಡೆಯಿರುವುದು. ಕೂಸುಗಳಲ್ಲಾದರೋ ಹೊಟ್ಟೆಯಲ್ಲಿ ಗಟ್ಟಿಯಾದ ಊತ, ಪೆಟ್ಟಿಲ್ಲದೆ ಕಣ್ಣಿನ ಸುತ್ತ ಕಪ್ಪುಗಟ್ಟುವುದು, ಮೂಳೆನೋವಿನಿಂದ ಕುಂಟುವುದು. ಇಂಥವನ್ನು ಕಂಡರೆ ಮಂತ್ರ ಯಂತ್ರಗಳಲ್ಲಿ ಕಾಲ ಕಳೆಯದೆ ತಾಲ್ಲೂಕಿನ ಸರ್ಕಾರೀ ಆಸ್ಪತ್ರೆಗೆ ಮೊದಲು ತೋರಿಸಿ, ಅವರು ಹೇಳಿದರೆ ಮುಂದೆ ಹೋಗಬೇಕು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ೧೯೬೩ರಲ್ಲಿ ಪ್ರಾರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಐಡಾ ಸ್ಕಡರ್ ಎಂಬ ಪುಣ್ಯಾತ್ಮಳು ೧೯೦೦ರಲ್ಲಿ ಒಂದೇ ಮಂಚದಿಂದ ಪ್ರಾರಂಭಿಸಿದ ವೆಲ್ಲೂರಿನ ಆಸ್ಪತ್ರೆಯು ನಮ್ಮ ಕಡೆಯವರೆಲ್ಲರಿಗೂ ಪರಿಚಿತವೇ.

ಈ ವರ್ಷದಿಂದ ನಮ್ಮ ವಸತಿಗೃಹದಲ್ಲಿ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಯಾವ ಹುಡುಗಿಗೆ ಸಂಕಟವು ಬಂದರೂ ತಾರೀಖು, ವೇಳೆ, ಎಷ್ಟು ಹೊತ್ತು ಇದ್ದಿತು, ನಾಡಿಯು ನಿಮಿಷಕ್ಕೆ ಎಷ್ಟು ಸಲ ಹೊಡೆಯಿತು, ಆಗ ಅವಳು ಏನು ಮಾಡುತ್ತಿದ್ದಳು ಎಂಬುದನ್ನು ಅದರಲ್ಲಿ ಬರೆಯುತ್ತೇವೆ. ಭಯವೆಂದೋ ಗಾಳಿಯೆಂದೋ ಕಾರಣವನ್ನು ಮಾತ್ರ ನಾವು ಬರೆಯುವುದಿಲ್ಲ. ಅದನ್ನು ಬಲ್ಲವರು ಹೇಳಲಿ. ತಾಯಂದಿರೇ, ನಿಮ್ಮ ಮನೆಗಳಲ್ಲಿಯೂ ಹೀಗೆಯೇ ಬರೆದಿಟ್ಟು, ಆ ಹಾಳೆಯನ್ನು ವೈದ್ಯರಲ್ಲಿಗೆ ತೆಗೆದುಕೊಂಡು ಹೋಗಿರಿ. ಸುವಾರ್ತೆಯನ್ನು ಬರೆದ ಲೂಕನೂ ವೈದ್ಯನಾಗಿದ್ದನೆಂಬುದನ್ನು ನಮ್ಮ ಮಕ್ಕಳು ಬಲ್ಲರು. ನಂಬಿಕೆಗೂ ಔಷಧಕ್ಕೂ ವಿರೋಧವಿಲ್ಲ.

ಕರ್ತನು ನಿಮ್ಮೆಲ್ಲರಿಗೂ ಆರೋಗ್ಯವನ್ನು ದಯಪಾಲಿಸಲೆಂದು ಹಾರೈಸುತ್ತೇವೆ.